ಸ್ಪರ್ಧೆಯ ಲೆಕ್ಕಗಳು: ಮನೆಯಲ್ಲಿ ಅಭ್ಯಾಸ ಮಾಡಿಸುವ ಬಗೆ

ಮಳೆಗಾಲ ಹಿಡಿಯಿತೆಂದರೆ ನಮ್ಮ ವಾಚನಾಲಯಕ್ಕೆ ಬರುವ ತಂದೆತಾಯಿಗಳಲ್ಲಿ ಒಬ್ಬರಲ್ಲ ಒಬ್ಬರು ಕೇಳುವ ಪ್ರಶ್ನೆ ಇದು: "ಗಣಿತದ ಒಲಿಂಪಿಯಾಡ್ ಎಂದು ಶಾಲೆಯಿಂದ ಚೀಟಿ ಬಂದಿದೆ. ಮಗಳನ್ನು ಕೂರಿಸೋಣವೇ, ಬೇಡವೇ? ಕೋಚಿಂಗಿನವರು ಹೇಳುವ ಫೀಸು ನಮ್ಮ ಎರಡು ತಿಂಗಳ ಬಾಡಿಗೆಯಷ್ಟಿದೆ." ಊರು ಬಿಟ್ಟು ಬಂದು ಈ ನ್ಯೂ ಟೌನಿನಲ್ಲಿ ಬಾಡಿಗೆ ಮನೆ ಹಿಡಿದಿರುವ ನಮ್ಮಂಥವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಫೀಸು ಕೊಡಲಾರದ್ದಕ್ಕೆ ಮಗುವಿನ ದಾರಿ ಮುಚ್ಚಿತೋ ಏನೋ ಎಂಬ ಅಳುಕು ಒಂದು ಕಡೆ. ಕೊಟ್ಟರೆ ಮನೆಯ ಖರ್ಚು ಸರಿದೂಗದೆಂಬ ಚಿಂತೆ ಇನ್ನೊಂದು ಕಡೆ. ಆದುದರಿಂದ ಈ ಲೆಕ್ಕಗಳು ಎಂಥವು, ದುಡ್ಡು ಸುರಿಯದೆ ಅವನ್ನು ಅಭ್ಯಾಸ ಮಾಡುವ ಬಗೆ ಯಾವುದು ಎಂಬುದನ್ನು ತಿಳಿದಮಟ್ಟಿಗೆ ಬರೆಯುತ್ತೇನೆ.

ಮೊದಲು ಒಂದು ಗೊಂದಲವನ್ನು ಕಳೆಯಬೇಕು. ಒಲಿಂಪಿಯಾಡ್ ಎಂಬ ಹೆಸರಿಟ್ಟುಕೊಂಡು ಖಾಸಗಿಯವರು ನಡೆಸುವ ಪರೀಕ್ಷೆಗಳು ಹಲವು ಇವೆ. ಅವುಗಳಲ್ಲಿ ಪದಕ ಬಂದರೆ ಸಂತೋಷವೇ. ಆದರೆ ದೇಶದ ತಂಡಕ್ಕೂ ಅವಕ್ಕೂ ಸಂಬಂಧವಿಲ್ಲ. ದೇಶದ ತಂಡವನ್ನು ಆರಿಸುವ ದಾರಿ ಬೇರೆ. ಅದರ ಮೊದಲ ಮೆಟ್ಟಿಲಿಗೆ ಐ.ಓ.ಕ್ಯೂ.ಎಂ. ಎಂದು ಹೆಸರು. ಅದನ್ನು ಗಣಿತ ಉಪಾಧ್ಯಾಯರ ಅಖಿಲ ಭಾರತ ಸಂಘವು ನಡೆಸುತ್ತದೆ. ಮೇಲಿನ ಮೆಟ್ಟಿಲುಗಳನ್ನು ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ನೋಡಿಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮೊದಲ ಪರೀಕ್ಷೆ ಸೆಪ್ಟೆಂಬರಿನಲ್ಲಿ ನಡೆಯುತ್ತಿದೆ. ಮೂರು ಗಂಟೆ, 30 ಲೆಕ್ಕ, 100 ಅಂಕ. ಪ್ರತಿ ಉತ್ತರವೂ 00 ಮೊದಲ್ಗೊಂಡು 99ರ ಒಳಗಿನ ಸಂಖ್ಯೆ. ತಪ್ಪಾದರೆ ಅಂಕ ಕಳೆಯುವುದಿಲ್ಲ. ಎಂಟನೆಯ ತರಗತಿಯಿಂದ ಮೇಲಿನವರು ಕೂರಬಹುದು. ಹುಟ್ಟಿದ ತಾರೀಖಿನ ಮಿತಿಯನ್ನು ಪ್ರತಿವರ್ಷ ಪ್ರಕಟಿಸುತ್ತಾರೆ. ಇದಾದ ಮೇಲೆ ಪ್ರಾದೇಶಿಕ ಪರೀಕ್ಷೆ, ಜನವರಿಯಲ್ಲಿ ರಾಷ್ಟ್ರೀಯ ಪರೀಕ್ಷೆ, ಬೇಸಗೆಯಲ್ಲಿ ಶಿಬಿರ, ಕೊನೆಗೆ ಆರು ಮಂದಿಯ ತಂಡ. ಅಂತರರಾಷ್ಟ್ರೀಯ ಸ್ಪರ್ಧೆ 1959ರಲ್ಲಿ ರುಮೇನಿಯದಲ್ಲಿ ಏಳು ದೇಶಗಳಿಂದ ಆರಂಭವಾಯಿತು; ಭಾರತ ಸೇರಿದ್ದು 1989ರಲ್ಲಿ; 1996ರಲ್ಲಿ ಅದು ಮುಂಬಯಿಯಲ್ಲೇ ನಡೆಯಿತು. ಬೆಂಗಳೂರಿನ ಪ್ರಾಂಜಲ್ ಶ್ರೀವಾಸ್ತವ 2019, 2021 ಮತ್ತು 2022ರಲ್ಲಿ ಚಿನ್ನದ ಪದಕ ತಂದುದನ್ನು ಅನೇಕರು ಓದಿರಬಹುದು.

ಇನ್ನು ಲೆಕ್ಕಗಳ ವಿಷಯ. ಶಾಲೆಯ ಲೆಕ್ಕದಲ್ಲಿ ಸೂತ್ರವನ್ನು ಮೊದಲೇ ಕಲಿಸಿರುತ್ತಾರೆ, ಸಂಖ್ಯೆ ಮಾತ್ರ ಬದಲಾಗುತ್ತದೆ. ಸ್ಪರ್ಧೆಯ ಲೆಕ್ಕದಲ್ಲಿ ಯಾವ ದಾರಿ ಹಿಡಿಯಬೇಕೆಂದು ಯಾರೂ ಹೇಳಿರುವುದಿಲ್ಲ. ಬೇಕಾಗುವ ವಿದ್ಯೆಯೇನೋ ಹೈಸ್ಕೂಲಿನದೇ: ಸಂಖ್ಯೆಗಳು, ಬೀಜಗಣಿತ, ರೇಖಾಗಣಿತ, ಎಣಿಕೆ. ಉದಾಹರಣೆಗೆ ಒಂದು ನೋಡಿ: ಏಳನ್ನು ಏಳರಿಂದ ಗುಣಿಸುತ್ತ, ಒಟ್ಟು ನೂರು ಏಳುಗಳನ್ನು ಗುಣಿಸಿದರೆ ಬರುವ ಸಂಖ್ಯೆಯ ಕೊನೆಯ ಎರಡು ಅಂಕೆ ಯಾವುವು? ಪೂರ್ತಿ ಗುಣಿಸಲು ಹೊರಟರೆ ಕಾಗದ ಸಾಲದು. ಆದರೆ ನಾಲ್ಕು ಹೆಜ್ಜೆ ಹಾಕಿ ನೋಡಿ: 7, 49, 343, 2401. ಕೊನೆಯ ಎರಡು ಅಂಕೆ 01 ಆಯಿತು. ಮತ್ತೆ ಏಳರಿಂದ ಗುಣಿಸಿದರೆ ಕೊನೆಯಲ್ಲಿ 07 ಬರುತ್ತದೆ, ಆಮೇಲೆ 49, 43, 01. ಗಾಣದ ಎತ್ತಿನಂತೆ ನಾಲ್ಕು ಹೆಜ್ಜೆಗೊಮ್ಮೆ ಅಲ್ಲಿಗೇ ಬರುತ್ತದೆ. ನೂರು ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಉತ್ತರ 01. ಏಳರ ಬದಲು ಮೂರಿದ್ದರೆ ಹೇಗೆ ಎಂದು ಹುಡುಗರೇ ಕೇಳಿಕೊಳ್ಳಬೇಕು; ಅಲ್ಲಿ ಸುತ್ತು ಇಪ್ಪತ್ತು ಹೆಜ್ಜೆಯದು.

ಈಗ ನಮ್ಮ ಗುಮಾಸ್ತರಿಗೆ ಹತ್ತಿರವಾದ ಒಂದು ಲೆಕ್ಕ. ಸಂಘದ ವಾರ್ಷಿಕೋತ್ಸವಕ್ಕೆ 25 ಮಂದಿ ಬಂದಿದ್ದರು. ಪ್ರತಿಯೊಬ್ಬರೂ ಸರಿಯಾಗಿ 7 ಮಂದಿಯ ಕೈ ಕುಲುಕಿದರೆಂದು ಒಬ್ಬರು ಹೇಳುತ್ತಾರೆ. ಇದು ನಿಜವಿರಬಹುದೇ?

ಹುಡುಗರು ಮೊದಲು 25 ಚುಕ್ಕೆ ಇಟ್ಟು ಗೆರೆ ಎಳೆಯಲು ತೊಡಗುತ್ತಾರೆ. ಗೆರೆಗಳು ಸಿಕ್ಕಾಗಿ ಸಿಟ್ಟು ಬರುತ್ತದೆ. ಆಗ ಹೇಳಬೇಕಾದ ಮಾತು ಒಂದೇ: ಚಿಕ್ಕದು ಮಾಡಿ ನೋಡು. ಮೂರು ಮಂದಿ, ಒಬ್ಬೊಬ್ಬರಿಗೂ ಒಂದೇ ಕೈಕುಲುಕು ಎಂದರೆ? ಇಬ್ಬರು ಕುಲುಕಿದರೆ ಮೂರನೆಯವನು ಒಂಟಿ. ಐದು ಮಂದಿಗೆ ಮೂರು ಮೂರು? ಎಷ್ಟು ಹೆಣಗಿದರೂ ಒಬ್ಬನಿಗೆ ಕಡಿಮೆ ಬೀಳುತ್ತದೆ. ಏಕೆ ಹೀಗೆ? ಖಾತೆ ಬರೆಯುವವರಿಗೆ ಇದು ಬೇಗ ಹೊಳೆಯುತ್ತದೆ. ಪ್ರತಿಯೊಂದು ಕೈಕುಲುಕೂ ಇಬ್ಬರ ಖಾತೆಯಲ್ಲಿ ಏರುತ್ತದೆ, ಒಂದೇ ವ್ಯವಹಾರ ಒಬ್ಬರ ಖಾತೆಯಲ್ಲಿ ಜಮೆಯಾಗಿ ಇನ್ನೊಬ್ಬರ ಖಾತೆಯಲ್ಲಿ ಖರ್ಚಾಗಿ ಬರುವ ಹಾಗೆ. ಆದುದರಿಂದ ಎಲ್ಲರ ಖಾತೆಯನ್ನೂ ಕೂಡಿದ ಮೊತ್ತ ಸಮಸಂಖ್ಯೆಯೇ ಆಗಬೇಕು. ಇಲ್ಲಿ 25 ಸಲ 7 ಎಂದರೆ 175, ಬೆಸ ಸಂಖ್ಯೆ. ಹೇಳಿದವರ ಎಣಿಕೆ ತಪ್ಪು. ಯಾರು ಯಾರ ಕೈ ಕುಲುಕಿದರೆಂದು ವಿಚಾರಿಸುವ ಅಗತ್ಯವೇ ಬೀಳಲಿಲ್ಲ.

ಇಲ್ಲಿಗೆ ನಿಲ್ಲಿಸಬಾರದು. 25ರ ಬದಲು 24 ಮಂದಿಯಿದ್ದರೆ? ಮೊತ್ತ 168, ಸಮಸಂಖ್ಯೆ. ಹಾಗಾದರೆ ಸಾಧ್ಯ ಎಂದು ಹುಡುಗ ಕೂಡಲೇ ಬರೆದುಬಿಡುತ್ತಾನೆ. ಅಲ್ಲಿ ಹಿಡಿಯಬೇಕು. ಮೊತ್ತ ಸರಿಬಂದ ಮಾತ್ರಕ್ಕೆ ಖಾತೆಯ ಒಂದೊಂದು ನಮೂದೂ ಸರಿಯೆಂದು ಯಾವ ಗುಮಾಸ್ತನೂ ಒಪ್ಪುವುದಿಲ್ಲವಷ್ಟೆ. ಸಾಧ್ಯವೆಂದರೆ ಒಂದು ರೀತಿಯನ್ನು ಮಾಡಿ ತೋರಿಸಬೇಕು. 24 ಮಂದಿಯನ್ನು ಸುತ್ತಲೂ ಕೂರಿಸಿ. ಪ್ರತಿಯೊಬ್ಬರೂ ಬಲಗಡೆಯ ಮೂವರು, ಎಡಗಡೆಯ ಮೂವರು, ನೇರ ಎದುರಿಗಿರುವ ಒಬ್ಬರು, ಹೀಗೆ ಏಳು ಮಂದಿಯ ಕೈ ಕುಲುಕಲಿ. ಆಯಿತು. ಆಗದು ಎನ್ನಲು ಕಾರಣ ಬೇಕು, ಆಗುತ್ತದೆ ಎನ್ನಲು ಮಾದರಿ ಬೇಕು. ಈ ವ್ಯತ್ಯಾಸ ಒಮ್ಮೆ ಮನಸ್ಸಿಗೆ ಹತ್ತಿದರೆ ಹತ್ತಾರು ಲೆಕ್ಕಗಳ ಬಾಗಿಲು ತೆರೆಯುತ್ತದೆ.

ಇಂಥ ಲೆಕ್ಕಗಳನ್ನು ದಿನಕ್ಕೆ ಇಪ್ಪತ್ತು ಮಾಡಿಸುವುದು ವ್ಯರ್ಥವೆಂದು ನನ್ನ ಅಭಿಪ್ರಾಯ. ಒಂದು ಸಾಕು, ಕೆಲವು ದಿನ ಅರ್ಧವೂ ಸಾಕು. ಮುಕ್ಕಾಲು ಗಂಟೆ ಅದೊಂದರ ಜೊತೆ ಕೂರಬೇಕು. ಉತ್ತರದ ಪುಟ ತೆಗೆಯಕೂಡದು. ಬಾರದಿದ್ದರೆ ಎಲ್ಲಿಯವರೆಗೆ ಬಂದೆ, ಯಾವ ದಾರಿ ಹಿಡಿದು ಎಲ್ಲಿ ತಡೆಯಿತು ಎಂಬುದನ್ನು ನೋಟುಪುಸ್ತಕದಲ್ಲಿ ಬರೆದಿಟ್ಟು ಏಳಬೇಕು. ಮಾರನೆಯ ದಿನ ಮತ್ತೆ ಅದೇ. ಮೂರು ದಿನವಾದರೂ ಬಗೆಹರಿಯದಿದ್ದರೆ ಆಗ ಉತ್ತರ ನೋಡಲಿ. ನೋಡಿದ ಮೇಲೆ ಪುಸ್ತಕ ಮುಚ್ಚಿ, ಮರುದಿನ ತಾನೇ ಪೂರ್ತಿ ಬರೆಯಲಿ. ತಿಂಗಳು ಕಳೆದ ಮೇಲೆ ಇನ್ನೊಮ್ಮೆ. ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದನ್ನು ಪರೀಕ್ಷೆಗೆ ಒಂದೆರಡು ತಿಂಗಳು ಇರುವಾಗ ತೊಡಗಿದರೆ ಸಾಕು.

ಎರಡು ನಿಮಿಷದಲ್ಲಿ ಲೆಕ್ಕ ಬರಲಿಲ್ಲವೆಂದು "ನನಗೆ ಗಣಿತ ಹತ್ತುವುದಿಲ್ಲ" ಎಂದು ತೀರ್ಮಾನಿಸಿಕೊಂಡ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ವಾಚನಾಲಯದ ಮೇಜಿನ ಬಳಿ ಎಷ್ಟೋ ಸಲ ನೋಡಿದ್ದೇನೆ. ನಿಧಾನವೇ ಈ ಲೆಕ್ಕಗಳ ಸ್ವಭಾವವೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ರಾಷ್ಟ್ರೀಯ ಪರೀಕ್ಷೆಯಲ್ಲಿ ಆರು ಲೆಕ್ಕಗಳಿಗೆ ನಾಲ್ಕೂವರೆ ಗಂಟೆ ಕೊಡುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅಷ್ಟೇ ಹೊತ್ತಿನಲ್ಲಿ ದಿನಕ್ಕೆ ಮೂರೇ ಲೆಕ್ಕ. ಒಂದೊಂದು ಲೆಕ್ಕಕ್ಕೆ ಒಂದೂವರೆ ಗಂಟೆಯಾಯಿತು!

"ನಾನು ಮೆಟ್ರಿಕ್ ಓದಿದವನು, ನನ್ನಿಂದ ಏನಾದೀತು?" ಎಂದು ತಂದೆಯಾದವರು ಕೇಳಬಹುದು. ನಾನೂ ಮೆಟ್ರಿಕ್ ಓದಿದವನೇ. ನೀವು ಲೆಕ್ಕ ಬಿಡಿಸಬೇಕಾಗಿಲ್ಲ. ಮಗು ಬಿಡಿಸಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳಲಿ, ಒಂದೊಂದು ಸಾಲಿಗೂ "ಅದು ಏಕೆ?" ಎಂದು ಕೇಳಿ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷಿನಲ್ಲೋ ಬಂಗಾಳಿಯಲ್ಲೋ ಓದುತ್ತಾರೆ. ಬಾಯಿಪಾಠ ಮಾಡಿದ ವಾಕ್ಯ ಆ ಭಾಷೆಯಲ್ಲಿ ಸರಾಗವಾಗಿ ಹೊರಡುತ್ತದೆ. ಅಮ್ಮನಿಗೆ ಕನ್ನಡದಲ್ಲಿ ಹೇಳಹೊರಟಾಗ ಅರ್ಥವಾಗದ ಕಡೆ ತಾನಾಗಿ ತಡವರಿಸುತ್ತದೆ. ಆ ತಡವರಿಕೆಯೇ ನಿಮಗೆ ಬೇಕಾದ ಗುರುತು.

ಒಂದೇ ಕೋಣೆಯ ಮನೆಯಲ್ಲಿ ಮುಕ್ಕಾಲು ಗಂಟೆಯ ಮೌನ ಎಲ್ಲಿಂದ ತರೋಣ ಎಂದರೆ, ಸಿ. ಆರ್. ರಾಯರ ಮನೆಯ ಮಾತು ನೆನಪಿಗೆ ಬರುತ್ತದೆ. ಜಗತ್ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞರಾದ ಅವರು ತೆಲುಗು ಮನೆತನದವರು. ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ. ತಾಯಿ ಪ್ರತಿದಿನ ಬೆಳಗಿನ ನಾಲ್ಕು ಗಂಟೆಗೆ ಎಬ್ಬಿಸಿ, ಓದಲು ಎಣ್ಣೆದೀಪ ಹಚ್ಚಿಕೊಡುತ್ತಿದ್ದರೆಂದು ಅವರೇ ಬರೆದಿದ್ದಾರೆ. ಮುಂದೆ ಅವರು ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಬಂದರು. ಆ ಕೆಲಸ ಸಿಗಲಿಲ್ಲ. 1941ರಲ್ಲಿ ಮಹಲನೋಬಿಸರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ತರಬೇತಿಗೆ ಸೇರಿದರು. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸಂಸ್ಥೆ ಇಲ್ಲೇ ಬರಾನಗರದ ಬಿ.ಟಿ. ರಸ್ತೆಯಲ್ಲಿದೆ, ಬೆಂಗಳೂರಿನಲ್ಲೂ ಶಾಖೆಯಿದೆ. ಅದರ ಪದವಿ ತರಗತಿಗಳ ಪ್ರವೇಶ ಪರೀಕ್ಷೆಯಲ್ಲಿ ಬಹುಕಾಲದಿಂದ ಕೇಳುತ್ತ ಬಂದಿರುವ ಲೆಕ್ಕಗಳೂ ಇದೇ ಜಾತಿಯವು. ಆದ್ದರಿಂದ ಒಲಿಂಪಿಯಾಡಿನಲ್ಲಿ ಮೇಲಿನ ಮೆಟ್ಟಿಲು ಹತ್ತಲಾಗದಿದ್ದರೂ (ಹೆಚ್ಚಿನವರಿಗೆ ಆಗುವುದಿಲ್ಲ, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು) ಮಾಡಿದ ಅಭ್ಯಾಸ ಕೈಬಿಡುವುದಿಲ್ಲ.

ಈ ಬಗೆಯ ಲೆಕ್ಕ ಹೊರಗಿನಿಂದ ಬಂದ ಹೊಸ ಪದಾರ್ಥವೆಂದು ಭಾವಿಸಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ, ಎರಡು ಕಡೆಯಿಂದ ಓದಿದರೂ ಒಂದೇ ಆಗುವ, ಹಾರದಂಥ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. 27994681ನ್ನು 441ರಿಂದ ಗುಣಿಸಿದರೆ 12345654321. ಇದೇನು ಮಾಯೆ? 441 ಎಂಬುದು 21ರ ವರ್ಗ. ಆ ದೊಡ್ಡ ಸಂಖ್ಯೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದಮೇಲೆ ಗುಣಲಬ್ಧ 111111ರ ವರ್ಗ. ಒಂದುಗಳ ಸಾಲನ್ನು ಅದರಿಂದಲೇ ಗುಣಿಸಿ, ಒಂದೊಂದು ಮನೆ ಸರಿಸಿ ಕೂಡಿದರೆ ಅಂಕೆಗಳು ಏರಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದನು.

ಪುಸ್ತಕದ ವಿಷಯ: ಹೋಮಿ ಭಾಭಾ ಕೇಂದ್ರದ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಬಿಟ್ಟಿಯಾಗಿ ಸಿಗುತ್ತವೆ. ಕೃಷ್ಣಮೂರ್ತಿ, ಪ್ರಾಣೇಶಾಚಾರ್, ರಂಗನಾಥನ್, ವೆಂಕಟಾಚಲ ಈ ನಾಲ್ವರು ಬರೆದ 'ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರಿ-ಕಾಲೇಜ್ ಮ್ಯಾಥಮ್ಯಾಟಿಕ್ಸ್' ಇಂಗ್ಲಿಷಿನಲ್ಲಿದೆ. ಎಂಟನೆಯ ತರಗತಿಯವರಿಗೆ ತುಸು ಭಾರ, ಹತ್ತನೆಯವರಿಗೆ ಸರಿ. ಇವೆರಡು ಕೈಯಲ್ಲಿದ್ದರೆ ಒಂದು ವರ್ಷಕ್ಕೆ ಬೇರೇನೂ ಕೊಳ್ಳಬೇಕಾಗಿಲ್ಲ.

ಮುಂದಿನ ಸಂಚಿಕೆಯವರೆಗೆ ಎರಡು ಲೆಕ್ಕ ಕೊಟ್ಟಿದ್ದೇನೆ. ದೊಡ್ಡವರೂ ಪ್ರಯತ್ನಿಸಬಹುದು. ಒಂದನೆಯದು: 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳನ್ನೂ ಗುಣಿಸಿದರೆ ಕೊನೆಯಲ್ಲಿ ಎಷ್ಟು ಸೊನ್ನೆಗಳು ಬರುತ್ತವೆ? ಎರಡನೆಯದು: 64 ಮನೆಗಳ ಚದುರಂಗದ ಮಣೆಯಲ್ಲಿ ಎದುರುಬದುರು ಮೂಲೆಯ ಎರಡು ಮನೆಗಳನ್ನು ಕತ್ತರಿಸಿ ತೆಗೆದಿದೆ. ಪಕ್ಕಪಕ್ಕದ ಎರಡು ಮನೆಗಳನ್ನು ಮುಚ್ಚುವ 31 ಬಿಲ್ಲೆಗಳಿಂದ ಉಳಿದ 62 ಮನೆಗಳನ್ನು ಪೂರ್ತಿ ಮುಚ್ಚಬಹುದೇ? ಮಣೆಯ ಬಣ್ಣದ ಕಡೆ ಗಮನವಿರಲಿ. ಉತ್ತರದ ಜೊತೆಗೆ ಕಾರಣವನ್ನೂ ಬರೆದು ವಾಚನಾಲಯದ ಪೆಟ್ಟಿಗೆಯಲ್ಲಿ ಹಾಕಬೇಕು. ಬರಿಯ ಉತ್ತರವಿದ್ದ ಚೀಟಿಯನ್ನು ತೆಗೆದುಕೊಳ್ಳುವುದಿಲ್ಲ.