ಲೆಪ್ಟೊಸ್ಪೈರಾ ಕುಲದ ಲಕ್ಷಣವಿಚಾರ

ಸುರುಳಿಯಾಕಾರದ ಸೂಕ್ಷ್ಮಜೀವಿಗಳ ಕುಲಗಳಲ್ಲಿ ಲೆಪ್ಟೊಸ್ಪೈರಾ ಎಂಬುದೊಂದು. ಗ್ರೀಕ್ ಭಾಷೆಯಲ್ಲಿ ‘ಲೆಪ್ಟೊಸ್’ ಎಂದರೆ ತೆಳುವಾದುದು. ಲ್ಯಾಟಿನ್ನಿನಲ್ಲಿ ‘ಸ್ಪೈರಾ’ ಎಂದರೆ ಸುರುಳಿ. ಹೆಸರು ಅನ್ವರ್ಥವಾದುದೇ. ಈ ಜೀವಿಯ ದಪ್ಪವು ಸುಮಾರು 0.1 ಮೈಕ್ರಾನ್, ಉದ್ದವು 6ರಿಂದ 20 ಮೈಕ್ರಾನ್. ತುದಿಗಳು ಕೊಕ್ಕೆಯಂತೆ ಬಾಗಿರುವುವು. ಹೊರಪೊರೆಯ ಒಳಗಡೆ ಎರಡು ತುದಿಗಳಿಂದಲೂ ಒಂದೊಂದು ಕಶಾಂಗವು ಹೊರಟಿರುವುದು. ಅವುಗಳ ಚಲನದಿಂದ ಜೀವಿಯು ತಿರುಪಿನಂತೆ ಸುತ್ತುತ್ತ ಮುಂದುವರಿಯುವುದು.

1907ರಲ್ಲಿ ಸ್ಟಿಮ್ಸನ್ ಎಂಬವರು ಅಮೆರಿಕದಲ್ಲಿ ಮೃತರೋಗಿಯೊಬ್ಬನ ಮೂತ್ರಪಿಂಡದಲ್ಲಿ ಇದನ್ನು ಕಂಡು, ಆಕಾರವು ಪ್ರಶ್ನಚಿಹ್ನೆಯನ್ನು ಹೋಲುವುದರಿಂದ ‘ಇಂಟೆರೊಗಾನ್ಸ್’ ಎಂದು ಹೆಸರಿಟ್ಟರು. 1886ರಲ್ಲಿ ವೈಲ್ ಎಂಬ ಜರ್ಮನ್ ವೈದ್ಯರು ವರ್ಣಿಸಿದ್ದ ಕಾಮಾಲೆಜ್ವರಕ್ಕೆ ಇಂತಹ ಜೀವಿಯೇ ಕಾರಣವೆಂದು 1915ರಲ್ಲಿ ಜಪಾನಿನ ಇನಾಡ, ಇಡೊ ಎಂಬವರು ತೋರಿಸಿದರು. 1917ರಲ್ಲಿ ನೊಗುಚಿಯವರು ಇದನ್ನು ಪ್ರತ್ಯೇಕ ಕುಲವಾಗಿ ನಿರ್ದೇಶಿಸಿದರು.

ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಿಲ್ಲದಿರಬೇಕೆಂಬುದು ತಾರ್ಕಿಕರ ನಿಯಮ. ಆಕಾರವನ್ನೇ ರೋಗಕಾರಕದ ಲಕ್ಷಣವೆಂದು ಹೇಳಿದರೆ ಅತಿವ್ಯಾಪ್ತಿಯಾಗುವುದು. ಏಕೆಂದರೆ ಬೈಫ್ಲೆಕ್ಸಾ ಎಂಬ ಪ್ರಭೇದವು ರೂಪದಲ್ಲಿ ಅದರಂತೆಯೇ ಇದ್ದರೂ ನೀರಿನಲ್ಲಿ ನಿರುಪದ್ರವವಾಗಿ ಬಾಳುವುದು. ಇದು 13 ಡಿಗ್ರಿಯ ಶೈತ್ಯದಲ್ಲಿಯೂ ಬೆಳೆಯಬಲ್ಲುದು. ರೋಗಕಾರಕಗಳಿಗಾದರೋ 28ರಿಂದ 30 ಡಿಗ್ರಿಯ ಉಷ್ಣವು ಅನುಕೂಲ. ಇವು ಇಲಿ ಮೊದಲಾದ ಪ್ರಾಣಿಗಳ ಮೂತ್ರಪಿಂಡದಲ್ಲಿ ನೆಲೆಸಿ, ಮೂತ್ರದೊಡನೆ ಹೊರಬಿದ್ದು, ಒದ್ದೆನೆಲದಲ್ಲಿಯೂ ನಿಂತ ನೀರಿನಲ್ಲಿಯೂ ಬದುಕಿದ್ದು, ಚರ್ಮದ ಗಾಯಗಳ ಮೂಲಕ ಮನುಷ್ಯನ ದೇಹವನ್ನು ಹೊಗುವುವು. ಕರ್ಣಾಟಕದ ಕರಾವಳಿಯಲ್ಲಿ ಮಳೆಗಾಲದಲ್ಲಿ ತಲೆದೋರುವ ಇಲಿಜ್ವರವು ಇದೇ.

ಆಕಾರವು ಸಾಲದಿರಲು ಎರಡನೆಯ ಲಕ್ಷಣವನ್ನು ಹುಡುಕಬೇಕಾಯಿತು. ರೋಗ ತಗುಲಿದ ಪ್ರಾಣಿಯ ರಕ್ತದಿಂದ ಬೇರ್ಪಡಿಸಿದ ಸೀರಂ ಎಂಬ ದ್ರವವು ಈ ಜೀವಿಗಳನ್ನು ಮುದ್ದೆಗಟ್ಟಿಸುವುದು. ಯಾವ ಸೀರಂ ಯಾವ ಜೀವಿಯನ್ನು ಮುದ್ದೆಗಟ್ಟಿಸುವುದೆಂಬುದರಿಂದ ‘ಸೀರೋವಾರ್’ ಎಂಬ ಭೇದಗಳನ್ನು ಎಣಿಸಿದರು. ರೋಗಕಾರಕಗಳಲ್ಲಿಯೇ ಇವು 200ಕ್ಕೆ ಮೀರಿವೆ. 1987ರಲ್ಲಿ ಯಸುದ ಮೊದಲಾದವರು ಡಿ.ಎನ್.ಎ. ಸಾಮ್ಯವನ್ನು ಆಧರಿಸಿ ಹೊಸ ಪ್ರಭೇದಗಳನ್ನು ನಿರೂಪಿಸಿದರು. ಈಗ ಪ್ರಭೇದಗಳು 60ಕ್ಕೂ ಹೆಚ್ಚು.

ಈ ಎರಡು ವಿಭಾಗಗಳು ಒಂದಕ್ಕೊಂದು ಹೊಂದುವುದಿಲ್ಲ. ‘ಹಾರ್ಜೊ’ ಎಂಬ ಸೀರೋವಾರ್ ಇಂಟೆರೊಗಾನ್ಸ್ ಪ್ರಭೇದದಲ್ಲಿಯೂ ಇದೆ, ಬೋರ್ಗ್‌ಪೀಟರ್ಸೆನಿ ಪ್ರಭೇದದಲ್ಲಿಯೂ ಇದೆ. ಇಂಟೆರೊಗಾನ್ಸ್‌ನಲ್ಲಿಯಾದರೋ ಹಾರ್ಜೊ ಅಲ್ಲದವು ಅನೇಕ. ಹೀಗೆ ಒಂದನ್ನೊಂದು ಬಿಟ್ಟೂ ಇರುವ ಎರಡು ಧರ್ಮಗಳು ಒಂದೆಡೆ ಕೂಡಿಯೂ ಇರುವುದಕ್ಕೆ ಸಂಕರವೆಂದು ಹೆಸರು. ಉದಯನಾಚಾರ್ಯರು ಇದನ್ನು ಜಾತಿಬಾಧಕಗಳಲ್ಲಿ ಒಂದೆಂದು ಎಣಿಸಿರುವರು. ಸಂಕರವಿದ್ದರೂ ಶಾಸ್ತ್ರಜ್ಞರು ಎರಡನ್ನೂ ಉಳಿಸಿಕೊಂಡಿರುವುದಕ್ಕೆ ಪ್ರಯೋಜನಭೇದವೇ ಕಾರಣ. ವಂಶಸಂಬಂಧವನ್ನು ತಿಳಿಯಲು ಡಿ.ಎನ್.ಎ. ಬೇಕು, ಲಸಿಕೆಯ ರಕ್ಷಣೆಯಾದರೋ ಬಹುಮಟ್ಟಿಗೆ ಅದರಲ್ಲಿ ಸೇರಿದ ಸೀರೋವಾರ್‌ಗಳಿಗೆ ಮಾತ್ರ ಸಲ್ಲುವುದು.

ಚಿಕಿತ್ಸೆಗೆ ಮಾತ್ರ ಈ ವಿಭಾಗದ ನಿರ್ಣಯವು ಬೇಕಿಲ್ಲ. ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಔಷಧಗಳನ್ನು ಸೀರೋವಾರ್ ನೋಡದೆಯೇ ಕೊಡುವರು. ಸೀರಂ ಪರೀಕ್ಷೆಯು ರೋಗದ ಮೊದಲ ದಿನಗಳಲ್ಲಿ ಏನನ್ನೂ ತೋರಿಸದಿರಬಹುದು. ಆದುದರಿಂದ ಗದ್ದೆಯ ನೀರಿನಲ್ಲಿ ದುಡಿದವನಿಗೆ ಜ್ವರ ಬಂದು ಈ ರೋಗದ ಶಂಕೆಯುಂಟಾದಲ್ಲಿ, ವೈದ್ಯನು ಪರೀಕ್ಷೆಯ ಫಲವನ್ನು ಕಾಯದೆ ಔಷಧವನ್ನು ಆರಂಭಿಸುವುದೇ ಯುಕ್ತವಾದುದು.