18 ತುಂಬಿದ ಮೇಲೆ ಆಸರೆ ಯಾರು? ಗೃಹ ಬಿಡುವ ಮಕ್ಕಳ ಜೊತೆ ನಿಂತ ‘ಉದಯನ್ ಕೇರ್’

ನವದೆಹಲಿ: ಮಕ್ಕಳ ಪಾಲನಾ ಗೃಹದಲ್ಲಿ ಬೆಳೆದವರು ಸಾಮಾನ್ಯವಾಗಿ 18 ತುಂಬಿದ ಮೇಲೆ ಅಲ್ಲಿಂದ ಹೊರಡಬೇಕು. ಬಾಡಿಗೆ ಮನೆಯ ಮುಂಗಡಕ್ಕೆ, ಕಾಲೇಜು ಅರ್ಜಿಯ ಪೋಷಕರ ಸಹಿಗೆ ಹೆಚ್ಚಿನವರಿಗೆ ಯಾರೂ ಇರುವುದಿಲ್ಲ.

ದೆಹಲಿಯ ‘ಉದಯನ್ ಕೇರ್’ ಇಂಥವರ ಜೊತೆ ನಿಂತಿದೆ. ಮಗನನ್ನು ಕಳೆದುಕೊಂಡ ನೋವಿನಲ್ಲಿ ಡಾ. ಕಿರಣ್ ಮೋದಿ 1994ರಲ್ಲಿ ಇದನ್ನು ಕಟ್ಟಿದರು. ಇದರ ‘ಉದಯನ್ ಘರ್’ಗಳು ದೊಡ್ಡ ಹಾಸ್ಟೆಲ್‌ಗಳಲ್ಲ, ಬಡಾವಣೆಗಳ ನಡುವಿನ ಮಾಮೂಲಿ ಮನೆಗಳು. ‘ಮೆಂಟರ್ ಮದರ್’ ಎಂಬ ಸ್ವಯಂಸೇವಕಿಯರು ವರ್ಷಗಟ್ಟಲೆ ಅದೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಸಿಬ್ಬಂದಿ ಬದಲಾಗುತ್ತಲೇ ಇರುವ ಗೃಹಗಳಲ್ಲಿ ಸಿಗದಿರುವುದು ಇದೇ. 18ರ ನಂತರವೂ ಓದು, ಉದ್ಯೋಗಕ್ಕೆ ನೆರವು ನಿಲ್ಲುವುದಿಲ್ಲ.

ಕಾನೂನು ಏನನ್ನುತ್ತದೆ? ಗೃಹ ಬಿಡುವವರಿಗೆ ಆರ್ಥಿಕ ನೆರವು ‘ನೀಡಬಹುದು’ ಎನ್ನುತ್ತದೆ 2015ರ ಬಾಲ ನ್ಯಾಯ ಕಾಯ್ದೆಯ 46ನೇ ಸೆಕ್ಷನ್. ‘ನೀಡಲೇಬೇಕು’ ಎಂದಿಲ್ಲ. ಸಿಕ್ಕರೂ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಷ್ಟೇ 23ರವರೆಗೆ.