ಸದ್ದಿಲ್ಲದ ಕಾರು, ದಾರಿಹೋಕರ ಪ್ರಶ್ನೆ

2001ರಲ್ಲಿ ಬೆಂಗಳೂರಿನ ರಸ್ತೆಗಳಿಗೆ ಒಂದು ಪುಟ್ಟ ಕಾರು ಇಳಿಯಿತು. ಎರಡೇ ಬಾಗಿಲು, ಎರಡೂವರೆ ಮೀಟರಿಗಿಂತ ತುಸು ಹೆಚ್ಚು ಉದ್ದ, ಪ್ಲಾಸ್ಟಿಕ್ಕಿನ ಮೈ. ಮುಂದೆ ಇಬ್ಬರು ದೊಡ್ಡವರು ಕೂತರೆ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿಗಷ್ಟೇ ಜಾಗ. ಗೇರಿಲ್ಲ, ಕ್ಲಚ್ಚಿಲ್ಲ, ಹೊಗೆ ಕೊಳವೆಯಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ನೂ ಇಲ್ಲ. ಕೀಲಿ ತಿರುಗಿಸಿದರೆ ಸದ್ದೂ ಇಲ್ಲ. ಇಷ್ಟೆಲ್ಲ ಇಲ್ಲಗಳಿದ್ದ ಆ ವಾಹನದ ಹೆಸರು ರೇವಾ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದ ಚೇತನ್ ಮೈನಿ ಈ ಕಾರಿನ ಹಿಂದಿನ ಶಕ್ತಿ. ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಒಂದು ಕಂಪನಿಯೂ ಕೂಡಿ 1994ರಲ್ಲಿ ಸಂಸ್ಥೆ ಆರಂಭಿಸಿದವು. ಕಾರು ಬೊಮ್ಮಸಂದ್ರದ ಕಾರ್ಖಾನೆಯಿಂದ ಹೊರಬಂತು. ಕೊಂಡವರಿಗೆ ಕಾರಿನ ಜತೆಗೆ ಇನ್ನೊಂದು ಕೆಲಸವೂ ಗಂಟುಬಿತ್ತು: ಕಂಡವರಿಗೆಲ್ಲ ವಿವರಣೆ ಕೊಡುವುದು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಆಟೊ ಚಾಲಕ ಇಣುಕಿ ನೋಡಿ, 'ಸಾರ್, ಗಾಡಿ ಆಫ್ ಆಗಿದೆ' ಎಂದು ಎಚ್ಚರಿಸುವುದು. ಟೈರಿಗೆ ಗಾಳಿ ಹಾಕಿಸಲು ಪೆಟ್ರೋಲ್ ಬಂಕಿಗೆ ಹೋದರೆ ಹುಡುಗರು ಸುತ್ತುವರಿದು ಪೆಟ್ರೋಲ್ ಹಾಕುವ ಮುಚ್ಚಳ ಹುಡುಕುವುದು. ಹೊಗೆಯನ್ನೇ ಉಗುಳದ ವಾಹನಕ್ಕೆ ಹೊಗೆ ತಪಾಸಣೆಯ ಚೀಟಿ ಎಲ್ಲಿ ಎಂದು ಕೇಳುವುದು. ವಿದ್ಯುತ್ ಕಾರಿನ ಒಡೆತನವೆಂದರೆ ಅರ್ಧ ಸವಾರಿ, ಇನ್ನರ್ಧ ಸಂವಾದ.

ಮೇಲ್ನೋಟಕ್ಕೆ ಇದು ಬರೀ ಕುತೂಹಲ. ಆದರೆ ಈ ವಾಹನದ ಚರಿತ್ರೆಯನ್ನು ನೋಡಿದರೆ, ದಾರಿಹೋಕರ ಮತ್ತು ನೆರೆಯವರ ಪ್ರಶ್ನೆಗಳೇ ಅದರ ಯಂತ್ರವನ್ನೂ ಅದಕ್ಕೆ ಸಂಬಂಧಿಸಿದ ಕಾನೂನನ್ನೂ ತಿದ್ದಿರುವುದು ಕಾಣುತ್ತದೆ. ಪ್ರಶ್ನೆಗೆ ಸರಿಯಾದ ಉತ್ತರ ಸಿಗದ ಕಾಲದಲ್ಲಿ ಅದು ರಸ್ತೆಯಿಂದಲೇ ಮರೆಯಾದದ್ದೂ ಉಂಟು.

ಎಷ್ಟು ಕೊಡುತ್ತೆ?

ಎಲ್ಲರ ಮೊದಲ ಪ್ರಶ್ನೆ ಮೈಲೇಜಿನದು. ರೇವಾ ಕಾರಿನ ಸೀಟುಗಳ ಕೆಳಗೆ ಎಂಟು ಸೀಸದ ಬ್ಯಾಟರಿಗಳಿದ್ದವು. ಮನೆಗಳ ಯುಪಿಎಸ್‌ಗೆ ಬಳಸುವ ಜಾತಿಯವೇ. ಪೂರ್ತಿ ಚಾರ್ಜ್ ಆಗಲು ಎಂಟು ಗಂಟೆ, ಸುಮಾರು 9 ಯೂನಿಟ್ ವಿದ್ಯುತ್ ಬೇಕು. ಅಷ್ಟಕ್ಕೆ 80 ಕಿಲೋಮೀಟರ್ ಓಡುತ್ತದೆಂದು ಕಂಪನಿ ಹೇಳುತ್ತಿತ್ತು. ಎಂದರೆ ಯೂನಿಟ್ಟಿಗೆ ಹತ್ತಿರ ಹತ್ತಿರ 9 ಕಿಲೋಮೀಟರ್. ಲೆಕ್ಕ ಕೇಳಿದವರ ಹುಬ್ಬು ಮೇಲೇರುತ್ತಿತ್ತು. ಮರುಗಳಿಗೆಯಲ್ಲೇ ಎರಡನೆಯ ಪ್ರಶ್ನೆ ಬರುತ್ತಿತ್ತು: 'ಮೈಸೂರಿಗೆ ಹೋಗಬಹುದೇ?'

ಮೈಸೂರು ಬೆಂಗಳೂರಿನಿಂದ ಸುಮಾರು 145 ಕಿಲೋಮೀಟರ್. ಹೋಗಲಾಗದು ಎಂಬ ಉತ್ತರ ಕೇಳಿದೊಡನೆ ಕೇಳಿದವರ ಆಸಕ್ತಿ ಇಳಿಯುತ್ತಿತ್ತು. ದಿನಾ ಮನೆಯಿಂದ ಕಚೇರಿಗೆ ಹೋಗಿಬರುವುದು 20-30 ಕಿಲೋಮೀಟರ್ ಆದರೂ, ಕಾರನ್ನು ಜನ ಅಳೆಯುವುದು ವರ್ಷಕ್ಕೆರಡು ಬಾರಿ ಹೋಗುವ ಊರಿನ ದೂರದಿಂದ. ಹಬ್ಬಕ್ಕೆ ಊರಿಗೆ ಒಯ್ಯಲಾಗದ ಕಾರು ಕಾರೇ ಅಲ್ಲ ಎಂಬ ಭಾವನೆಗೆ ಅಂಕಿಸಂಖ್ಯೆಯಿಂದ ಉತ್ತರ ಕೊಡುವುದು ಕಷ್ಟ. ಮೇಲಾಗಿ ಬೆಲೆ ಎರಡೂವರೆ ಲಕ್ಷ ರೂಪಾಯಿಯ ಆಸುಪಾಸು. ಆ ಹಣಕ್ಕೆ ಇಡೀ ಸಂಸಾರ ಹಿಡಿಸುವ ಮಾರುತಿ 800 ಸಿಗುತ್ತಿದ್ದ ಕಾಲ ಅದು.

ಒಡೆಯರಿಗೂ ಅಳುಕಿತ್ತು. ಏರುದಾರಿ, ಏರ್ ಕಂಡಿಷನರ್, ಬ್ಯಾಟರಿಯ ವಯಸ್ಸು ಇವೆಲ್ಲ ಸೇರಿ 80 ಎಂಬ ಸಂಖ್ಯೆಯನ್ನು ಕೊರೆಯುತ್ತಿದ್ದವು. ಸೀಸದ ಬ್ಯಾಟರಿಯನ್ನು ಪದೇ ಪದೇ ತಳ ಕಾಣುವಷ್ಟು ಬರಿದು ಮಾಡಿದರೆ ಅದರ ಆಯಸ್ಸು ಕುಗ್ಗುತ್ತದೆ. ಹೀಗಾಗಿ ಕಣ್ಣು ಅರ್ಧ ರಸ್ತೆಯ ಮೇಲೆ, ಅರ್ಧ ಚಾರ್ಜಿನ ಮುಳ್ಳಿನ ಮೇಲೆ. ಈ ಆತಂಕವನ್ನರಿತ ಕಂಪನಿ 2009ರಲ್ಲಿ ಒಂದು ಉಪಾಯ ತೋರಿಸಿತು. ಚಾರ್ಜ್ ಮುಗಿದು ದಾರಿಯಲ್ಲಿ ನಿಂತವರು ಮೊಬೈಲಿನಿಂದ ಸಂದೇಶ ಕಳಿಸಿದರೆ, ಬ್ಯಾಟರಿಯಲ್ಲಿ ಬೀಗ ಹಾಕಿಟ್ಟಂತೆ ಉಳಿಸಿದ್ದ ಸ್ವಲ್ಪ ಶಕ್ತಿಯನ್ನು ದೂರದಿಂದಲೇ ಬಿಡುಗಡೆ ಮಾಡುವ ವ್ಯವಸ್ಥೆಯದು. ಅಜ್ಜಿ ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟ ಹಣದಂತೆ!

ನೂರು ವರ್ಷದ ಹಿಂದೆ

ಈ ಪ್ರಶ್ನೆಗಳಾವುವೂ ಹೊಸವಲ್ಲ. 1897ರಲ್ಲಿಯೇ ಲಂಡನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ವಿದ್ಯುತ್ ಟ್ಯಾಕ್ಸಿಗಳು ಓಡಾಡಿದ್ದವು. ಲಂಡನ್ ಜನ ಅವುಗಳ ಗುಂಯ್‌ಗುಡುವ ಸದ್ದು ಕೇಳಿ 'ಝೇಂಕಾರದ ಹಕ್ಕಿ' ಎಂಬರ್ಥದ ಅಡ್ಡಹೆಸರಿಟ್ಟರು. ಅದೇ ವರ್ಷ ಅಂಥದೊಂದು ಟ್ಯಾಕ್ಸಿಯ ಚಾಲಕ ಕುಡಿದು ಓಡಿಸಿ ಸಿಕ್ಕಿಬಿದ್ದು ದಂಡ ತೆತ್ತ. ಕುಡಿದು ಮೋಟಾರು ವಾಹನ ಓಡಿಸಿದ್ದಕ್ಕೆ ಶಿಕ್ಷೆಯಾದ ಮೊದಲಿಗರ ಸಾಲಿನಲ್ಲಿ ಅವನ ಹೆಸರಿದೆ. 1899ರಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಕಾರು ಕೂಡ ವಿದ್ಯುತ್ತಿನದೇ.

ಆಗ ಪೆಟ್ರೋಲ್ ಕಾರಿನ ಎಂಜಿನ್ನನ್ನು ಮುಂಭಾಗದ ಹಿಡಿಯಿಂದ ತಿರುಗಿಸಿ ಎಬ್ಬಿಸಬೇಕಿತ್ತು. ಹಿಡಿ ಹಿಮ್ಮುಖ ತಿರುಗಿದರೆ ಕೈ ಮುರಿಯುವ ಭಯ. ವಿದ್ಯುತ್ ಕಾರಿಗೆ ಆ ಗೋಳಿಲ್ಲ. ಅಮೆರಿಕದ ಕಂಪನಿಗಳು ಇದನ್ನು ನಗರದ ಹೆಂಗಸರಿಗೆ ಒಪ್ಪುವ ಕಾರು ಎಂದು ಜಾಹೀರಾತು ಮಾಡಿದವು. ಪೆಟ್ರೋಲ್ ಕಾರನ್ನು ಮನೆಮನೆಗೆ ತಲಪಿಸಿದ ಹೆನ್ರಿ ಫೋರ್ಡ್‌ನ ಪತ್ನಿ ಕ್ಲಾರಾ ಓಡಿಸುತ್ತಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ವಿದ್ಯುತ್ ಕಾರನ್ನು. ಆದರೆ ಈ ಪ್ರಚಾರವೇ ತಿರುಗುಬಾಣವಾಯಿತು. 'ಹೆಂಗಸರ ಗಾಡಿ' ಎಂಬ ಹಣೆಪಟ್ಟಿ ಬಿದ್ದ ಮೇಲೆ ಗಂಡಸರು ಅದರತ್ತ ಸುಳಿಯಲು ಹಿಂಜರಿದರು.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಗುಂಡಿ ಒತ್ತಿದರೆ ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಬಂತು. ಅದೂ ಒಂದು ಪುಟ್ಟ ವಿದ್ಯುತ್ ಮೋಟಾರೇ. ವಿದ್ಯುತ್ ಕಾರಿನ ದೊಡ್ಡ ಅನುಕೂಲವನ್ನು ವಿದ್ಯುತ್ತೇ ಕಿತ್ತುಕೊಂಡಂತಾಯಿತು. ಪೆಟ್ರೋಲ್ ಅಗ್ಗವಾಯಿತು, ಫೋರ್ಡ್ ಕಾರಿನ ಬೆಲೆ ಇಳಿಯಿತು, ಊರಾಚೆಯ ರಸ್ತೆಗಳು ಸುಧಾರಿಸಿದವು. ಆದರೆ ಹಳ್ಳಿಗಳಿಗೆ ವಿದ್ಯುತ್ ಬಂದಿರಲಿಲ್ಲ. 'ಎಷ್ಟು ದೂರ ಹೋಗುತ್ತದೆ' ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ವಿದ್ಯುತ್ ಕಾರು ಹಿಂದೆ ಸರಿಯಿತು.

ನಗುವಿನ ಬೆಲೆ

ರೇವಾ ಪಾಲಿಗೂ ನಗು ತಪ್ಪಲಿಲ್ಲ. 2004ರಿಂದ ಅದು 'ಜಿ-ವಿಜ್' ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಮಾರಾಟವಾಯಿತು. ಅಲ್ಲಿ ನಗರದ ಮಧ್ಯಭಾಗಕ್ಕೆ ಬರುವ ವಾಹನಗಳಿಗೆ 2003ರಲ್ಲಿ ದಿನಕ್ಕೆ 5 ಪೌಂಡ್ ಶುಲ್ಕ ವಿಧಿಸಲಾಗಿತ್ತು. ವಿದ್ಯುತ್ ವಾಹನಗಳಿಗೆ ವಿನಾಯಿತಿ. ಲೆಕ್ಕಾಚಾರದ ಜನ ಬೊಮ್ಮಸಂದ್ರದ ಕಾರನ್ನು ಕೊಂಡರು. ಬೆಂಗಳೂರಿಗಿಂತ ಲಂಡನ್ನಿನಲ್ಲೇ ಅದಕ್ಕೆ ಹೆಚ್ಚು ಹೆಸರು ಬಂತು. ಜತೆಗೆ ಗೇಲಿಯೂ ಬಂತು. ಆಟಿಕೆ ಎಂದರು, ಡಬ್ಬಿ ಎಂದರು.

ಗೇಲಿಯೆಲ್ಲ ಹುಸಿಯಾಗಿರಲಿಲ್ಲ. ಯುರೋಪಿನ ನಿಯಮದಂತೆ ಈ ವಾಹನ ಕಾರಿನ ವರ್ಗಕ್ಕೆ ಸೇರದೆ, ನಾಲ್ಕು ಚಕ್ರದ ಹಗುರ ವಾಹನಗಳ ವರ್ಗಕ್ಕೆ ಸೇರಿತ್ತು. ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಇದಕ್ಕೆ ಬೇಕಿರಲಿಲ್ಲ. 2007ರಲ್ಲಿ ಅಲ್ಲಿನ ಒಂದು ಮೋಟಾರು ಪತ್ರಿಕೆ ಪರೀಕ್ಷೆ ಮಾಡಿಸಿದಾಗ ಬಂದ ಫಲಿತಾಂಶ ಕಳವಳ ಹುಟ್ಟಿಸುವಂತಿತ್ತು. ಆ ಬಳಿಕ ಬಲಪಡಿಸಿದ ಮಾದರಿ ಬಂತು. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಬಹುಪಾಲು ಒಡೆತನ ಪಡೆಯಿತು. 2013ರಲ್ಲಿ ರೇವಾ ಜಾಗಕ್ಕೆ ಹೊಸ ಕಾರು ಬಂತು. ಹನ್ನೊಂದು-ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಮಾರಾಟವಾದ ರೇವಾಗಳ ಸಂಖ್ಯೆ ಕೆಲವೇ ಸಾವಿರ. ಆದರೆ ನಮ್ಮ ಊರಿನ ಜನ ವಿದ್ಯುತ್ ಕಾರನ್ನು ಮುಟ್ಟಿ ನೋಡಿ, ಕೇಳಬೇಕಾದುದನ್ನೆಲ್ಲ ಕೇಳಿದ್ದು ಅದರ ಮುಂದೆ ನಿಂತೇ.

ಪ್ಲಗ್ ಪಾಯಿಂಟಿನ ಜಗಳ

ಮಳೆಗಾಲದ ಪ್ರಶ್ನೆ ಬೇರೆ: 'ನೀರಿನಲ್ಲಿ ಶಾಕ್ ಹೊಡೆಯುವುದಿಲ್ಲವೇ?' ಕಾರಿನ ಬ್ಯಾಟರಿ ನೀರು ನುಗ್ಗದ ಪೆಟ್ಟಿಗೆಯಲ್ಲಿರುತ್ತದೆ. ಅದರ ತಂತಿಗಳಿಗೂ ಕಾರಿನ ಮೈಗೂ ಸಂಪರ್ಕವಿರುವುದಿಲ್ಲ. ದೋಷ ಕಂಡರೆ ಸಂಪರ್ಕ ತಾನಾಗಿಯೇ ಕಡಿಯುವ ಸ್ವಿಚ್ಚುಗಳಿರುತ್ತವೆ. ಇಂದಿನ ಕಾರುಗಳಲ್ಲಿ ಚಾರ್ಜಿನ ಹಿಡಿಕೆ ಸರಿಯಾಗಿ ಕೂತು, ಚಾರ್ಜರಿಗೂ ಕಾರಿಗೂ ಸಂಕೇತದ ಮಾತುಕತೆ ಮುಗಿದ ಮೇಲಷ್ಟೇ ವಿದ್ಯುತ್ ಹರಿಯುತ್ತದೆ.

ನಿಜವಾಗಿ ಎಚ್ಚರ ವಹಿಸಬೇಕಾದುದು ಮನೆಯ ವೈರಿಂಗಿನ ಬಗ್ಗೆ. ಬಚ್ಚಲಿನ ಗೀಸರ್ ಎಳೆಯುವಷ್ಟೇ ವಿದ್ಯುತ್ತನ್ನು ಮನೆಯ ದೊಡ್ಡ ಪ್ಲಗ್ಗಿನಿಂದ ಕಾರೂ ಎಳೆಯುತ್ತದೆ. ಆದರೆ ಗೀಸರ್ ಉರಿಯುವುದು ಕಾಲು ಗಂಟೆ, ಕಾರು ಎಳೆಯುವುದು ಇಡೀ ರಾತ್ರಿ. ಸಡಿಲ ಪ್ಲಗ್ಗು, ತೆಳು ತಂತಿ, ಅರ್ಥಿಂಗ್ ಇಲ್ಲದ ಹಳೆಯ ಸಂಪರ್ಕ, ಕಿಟಕಿಯಿಂದ ಇಳಿಬಿಟ್ಟ ಎಕ್ಸ್‌ಟೆನ್ಷನ್ ಬೋರ್ಡು ಬಿಸಿಯಾಗುವುದು ಹೀಗೆ.

ಸ್ವಂತ ಮನೆಯವರು ಇದನ್ನು ಸರಿಪಡಿಸಿಕೊಳ್ಳಬಹುದು. ಫ್ಲ್ಯಾಟಿನಲ್ಲಿರುವವರ ಪಾಡು ಬೇರೆ. ನೆಲಮಾಳಿಗೆಯ ಪ್ಲಗ್ ಯಾರದು, ಅದರ ಬಿಲ್ ಯಾರು ಕಟ್ಟಬೇಕು, ಬೆಂಕಿ ಬಿದ್ದರೆ ಹೊಣೆ ಯಾರು ಎಂಬ ತಕರಾರು ಸಂಘದ ಸಭೆಗಳಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಸುದ್ದಿ ಬಂದ ಮೇಲೆ ಈ ಅಂಜಿಕೆ ಬಲಿಯಿತು. ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿತು. ಪೆಟ್ರೋಲ್ ಕಾರಿನವರಿಗೆ ನೆರೆಯವರ ಅಪ್ಪಣೆ ಬೇಕಿರಲಿಲ್ಲ, ಬಂಕಿನಲ್ಲಿ ಹಣ ಕೊಟ್ಟರೆ ಮುಗಿಯಿತು. ವಿದ್ಯುತ್ ಕಾರಿನವರು ಪಕ್ಕದ ಮನೆಯವರನ್ನು ಒಪ್ಪಿಸಬೇಕು.

ಕಾನೂನು ನಿಧಾನವಾಗಿ ಇತ್ತ ಹೊರಳಿತು. ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ, ಅದು 2017ರಲ್ಲಿ. ಚಾರ್ಜ್ ಮಾಡಿಕೊಡುವುದು ಸೇವೆ, ವಿದ್ಯುತ್ ಮಾರಾಟವಲ್ಲ, ಅದಕ್ಕೆ ಲೈಸೆನ್ಸ್ ಬೇಡ ಎಂದು 2018ರಲ್ಲಿ ಕೇಂದ್ರ ಇಂಧನ ಸಚಿವಾಲಯ ಸ್ಪಷ್ಟಪಡಿಸಿತು. ಹೊಸ ಕಟ್ಟಡಗಳ ವಾಹನ ನಿಲುಗಡೆಯಲ್ಲಿ ಶೇ 20ರಷ್ಟಕ್ಕೆ ಚಾರ್ಜಿಂಗ್ ಸೌಲಭ್ಯ ಇರಬೇಕೆಂದು 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ನಿಯಮಗಳಿಗೆ ತಿದ್ದುಪಡಿ ಬಂತು. ಹಳೆಯ ಕಟ್ಟಡಗಳಲ್ಲಿ ಮಾತ್ರ ಈಗಲೂ ನೆರೆಹೊರೆಯ ಸೌಹಾರ್ದವೇ ಗತಿ.

'ಹೊಗೆ ಇಲ್ಲ ಎನ್ನುತ್ತೀರಿ, ಕರೆಂಟು ಬರುವುದು ಕಲ್ಲಿದ್ದಲಿನಿಂದ ತಾನೆ?' ಎಂದು ಕೇಳುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ರಾಯಚೂರಿನ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತದೆ; ಶರಾವತಿಯಿಂದ ಜಲವಿದ್ಯುತ್ತು, ಪಾವಗಡದಿಂದ ಬಿಸಿಲಿನ ವಿದ್ಯುತ್ತು ಬರುತ್ತದೆ. ಪೆಟ್ರೋಲ್ ಎಂಜಿನ್ ತಾನು ಸುಟ್ಟ ಇಂಧನದ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಬಿಸಿಯಾಗಿ ಕಳೆಯುತ್ತದೆ. ವಿದ್ಯುತ್ ಮೋಟಾರು ಹೆಚ್ಚಿನ ಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಮೋಟಾರೇ ಜನರೇಟರ್ ಆಗಿ, ಚಾರ್ಜ್ ಇಳಿಯುವ ಬದಲು ತುಸು ಏರುವುದೂ ಉಂಟು. ಹಾಗೆಂದು ಹೊಗೆ ಪೂರಾ ಇಲ್ಲವಾಯಿತು ಎನ್ನುವಂತಿಲ್ಲ. ಸಿಗ್ನಲ್ಲಿನಲ್ಲಿ ನಿಂತ ಮಗುವಿನ ಮೂಗಿಗೆ ತಪ್ಪಿದ ಹೊಗೆಯಲ್ಲಿ ಒಂದಿಷ್ಟು ರಾಯಚೂರಿನವರ ಪಾಲಿಗೆ ಉಳಿಯುತ್ತದೆ.

ಸದ್ದು ಬೇಕೆಂದವರು

ಎಲ್ಲಕ್ಕಿಂತ ಗಂಭೀರವಾದ ಪ್ರತಿಕ್ರಿಯೆ ಬಂದದ್ದು ಕಾರನ್ನು ನೋಡಲಾಗದವರಿಂದ. ಕಣ್ಣು ಕಾಣದವರು ರಸ್ತೆ ದಾಟುವುದು ಕಿವಿಯ ನೆರವಿನಿಂದ. ವಾಹನ ಎತ್ತಣಿಂದ ಬರುತ್ತಿದೆ, ನಿಂತಿದೆಯೇ, ಹೊರಟಿತೇ ಎಂಬುದನ್ನೆಲ್ಲ ಎಂಜಿನ್ನಿನ ಸದ್ದೇ ಅವರಿಗೆ ಹೇಳುತ್ತದೆ. ನಿಧಾನವಾಗಿ ಸಾಗುವ ವಿದ್ಯುತ್ ಕಾರಿನಲ್ಲಿ ಆ ಸುಳಿವೇ ಇಲ್ಲ. ಕಿರಿದಾದ ಅಡ್ಡರಸ್ತೆಯಲ್ಲಿ ಬೆನ್ನು ಹಾಕಿ ನಡೆಯುವ ವೃದ್ಧರಿಗೂ, ರಸ್ತೆ ನಡುವೆ ಮಲಗಿದ ನಾಯಿಗೂ ಇದೇ ಅಪಾಯ. ಯಾರು ಮೌನವನ್ನು ಹೊಗಳುತ್ತಿದ್ದರೋ ಅವರು ಕಾರಿನೊಳಗಿದ್ದವರು.

ಅಮೆರಿಕದ ಅಂಧರ ಸಂಘಟನೆ ಈ ಮಾತನ್ನು ಪಟ್ಟುಹಿಡಿದು ಹೇಳಿತು. 2010ರಲ್ಲಿ ಅಲ್ಲಿನ ಸಂಸತ್ತು ಪಾದಚಾರಿಗಳ ರಕ್ಷಣೆಗಾಗಿ ಕಾಯ್ದೆ ಮಾಡಿತು. 2016ರಲ್ಲಿ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲೂ ಇದಕ್ಕೆ ಸ್ಥಾನ ಸಿಕ್ಕಿತು. ಯುರೋಪಿನಲ್ಲಿ 2019ರಿಂದ ಹೊಸ ಮಾದರಿಗಳಿಗೆ, 2021ರಿಂದ ಎಲ್ಲ ಹೊಸ ವಿದ್ಯುತ್ ಕಾರುಗಳಿಗೆ ಕೃತಕ ಸದ್ದು ಕಡ್ಡಾಯ. ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದವರೆಗೆ ಸ್ಪೀಕರಿನಿಂದ ಗುಂಯ್ ಎಂಬ ದನಿ ಹೊರಡುತ್ತದೆ. ಅದಕ್ಕಿಂತ ವೇಗದಲ್ಲಿ ಟೈರಿನ ಸದ್ದೇ ಸಾಕು. 1897ರ ಲಂಡನ್ ಟ್ಯಾಕ್ಸಿಯ ಝೇಂಕಾರ ಹೀಗೆ ಕಾನೂನಿನ ಮೂಲಕ ಮರಳಿ ಬಂದಿದೆ.

ಹಸಿರು ನಂಬರ್ ಪ್ಲೇಟಿನ ಕಾರುಗಳು ಈಗ ಬೆಂಗಳೂರಿನಲ್ಲಿ ಯಾರ ಗಮನವನ್ನೂ ಸೆಳೆಯುವುದಿಲ್ಲ. ಮೈಸೂರಿಗೆ ಹೋಗಿಬರುವ ಶಕ್ತಿಯೂ ಹಲವಕ್ಕೆ ಬಂದಿದೆ. ಆಟೊ ಚಾಲಕ ಈಗಲೂ ಇಣುಕಿ ಕೇಳುತ್ತಾನೆ. ಆದರೆ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಬದಲಿಸಲು ಎಷ್ಟಾಗುತ್ತದೆ ಎಂದು ತಾನೇ ಕೊಳ್ಳುವವನ ಲೆಕ್ಕಾಚಾರದಲ್ಲಿ ಕೇಳುತ್ತಾನೆ. ಇಷ್ಟು ಕಾಲ ವಾಹನವನ್ನು ತಿದ್ದಿದ್ದು ಇಂಥ ಪ್ರಶ್ನೆಗಳೇ ಆದ್ದರಿಂದ, ಸಿಗ್ನಲ್ಲಿನಲ್ಲಿ ಕಿಟಕಿ ಇಳಿಸಿ ಅವನಿಗೆ ಅರ್ಧ ನಿಮಿಷ ಉತ್ತರ ಹೇಳುವುದೂ ಒಡೆತನದ ಭಾಗವೇ.